ಲೈಟಿನ ಹುಡುಗ, ರಾತ್ರಿ ಎಂಟರ ಧಾರಾವಾಹಿ

ನಮ್ಮಿಬ್ಬರ ಪ್ರೀತಿ ಯಾವಾಗ ಶುರುವಾಯಿತು ಅಂತ ಯಾರಾದರೂ ಕೇಳಿದರೆ ನಾವು ಬೇರೆ ಬೇರೆ ವರ್ಷ ಹೇಳುತ್ತೇವೆ. ಅವನದು 2018. ನನ್ನದು 2021. ಈ ನಡುವೆ ಅವನು ಏನು ಮಾಡುತ್ತಿದ್ದ ಅಂದರೆ, ನನ್ನ ಗೆಳೆಯನಾಗಿದ್ದ. ನಾನು ಏನು ಮಾಡುತ್ತಿದ್ದೆ ಅಂದರೆ, ರಾತ್ರಿ ಎಂಟಕ್ಕೆ ಟಿವಿಯಲ್ಲಿ ಇನ್ನೊಬ್ಬ ಹುಡುಗನನ್ನು ಪ್ರೀತಿಸುತ್ತಿದ್ದೆ. ಸೋಮವಾರದಿಂದ ಶುಕ್ರವಾರದವರೆಗೆ.

ಧಾರಾವಾಹಿಯ ಹೆಸರು ಬೇಡ. ಚಾನೆಲ್ಲಿನ ಹೆಸರೂ ಬೇಡ. ನನ್ನ ಆ ಗೆಳೆಯನನ್ನು ಇಲ್ಲಿ ಡಿಮ್ಮರ್ ಅಂತಲೇ ಕರೆಯುತ್ತೇನೆ. ತಂಡದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ನಾಟಕದ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಮುಂದೆ ಕೂತರೆ ಅವನು ಊಟಕ್ಕೂ ಏಳುತ್ತಿರಲಿಲ್ಲ.

ನಾವು ಸಿಕ್ಕಿದ್ದು ಹೆಗ್ಗೋಡಿನಲ್ಲಿ, 2014ರ ಮಳೆಗಾಲದಲ್ಲಿ. ನೀನಾಸಂ ಬಗ್ಗೆ ಕನ್ನಡ ಓದುವವರಿಗೆ ಜಾಸ್ತಿ ಹೇಳಬೇಕಿಲ್ಲ. ಸಾಗರದ ಹತ್ತಿರ ಅಡಿಕೆ ತೋಟಗಳ ನಡುವಿನ ಊರು, 1949ರಲ್ಲಿ ಹುಟ್ಟಿದ ನಾಟಕ ಸಂಘ, ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಶುರು ಮಾಡಿದ ರಂಗಶಿಕ್ಷಣ ಕೇಂದ್ರ. ನಾನು ತಿಪಟೂರು ಕಡೆಯ ತೆಂಗಿನ ತೋಟದ ಮನೆಯವಳು. ಅವನು ಹೊನ್ನಾವರದ ಕಡೆಯ ಕ್ರಿಶ್ಚಿಯನ್ ಹುಡುಗ, ಮನೆಯಲ್ಲಿ ಕೊಂಕಣಿ. ಚರ್ಚಿನ ಕ್ರಿಸ್ಮಸ್ ನಾಟಕಕ್ಕೆ ಬಲ್ಬಿನ ಮುಂದೆ ಬಣ್ಣದ ಹಾಳೆ ಕಟ್ಟಿ ಕಟ್ಟಿ ಲೈಟಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದ.

ಡಿಪ್ಲೊಮಾ ಮುಗಿದ ಮೇಲೆ ಇಬ್ಬರೂ ತಿರುಗಾಟಕ್ಕೆ ಹೋದೆವು. ತಿರುಗಾಟ 1985ರಿಂದ ನಡೆದುಕೊಂಡು ಬಂದಿದೆ. ಒಂದು ತಂಡ ನಾಟಕಗಳನ್ನು ಗಾಡಿಗೆ ಹೇರಿಕೊಂಡು ಕರ್ನಾಟಕ ಸುತ್ತುತ್ತದೆ. ಬೆಳಿಗ್ಗೆ ಸೆಟ್ಟು ಇಳಿಸಬೇಕು, ಮಧ್ಯಾಹ್ನ ಲೈಟು ಕಟ್ಟಬೇಕು, ಸಂಜೆ ಬಣ್ಣ ಹಚ್ಚಬೇಕು, ರಾತ್ರಿ ಎಲ್ಲ ಬಿಚ್ಚಿ ಮತ್ತೆ ಗಾಡಿಗೆ ಏರಿಸಬೇಕು. ನಟಿ ಅಂತ ವಿನಾಯಿತಿ ಇಲ್ಲ. ನನ್ನ ಪಾಲಿಗೆ ಕೇಬಲ್ ಸುತ್ತುವ ಕೆಲಸ ಬಂತು. ಮೊಣಕೈಗೆ ಹಾಕಿ ಬಿಗಿಯಾಗಿ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಹಾಳಾಗುತ್ತದೆ, ಒಂದು ಸುತ್ತು ಹೀಗೆ, ಇನ್ನೊಂದು ಸುತ್ತು ಹಾಗೆ ಅಂತ ಅವನು ಹೇಳಿಕೊಟ್ಟ. ಗೆಳೆತನ ಆಗಿದ್ದು ಅಲ್ಲೇ, ಕೇಬಲ್ ಸುತ್ತುತ್ತಾ.

ಆಗ ನನಗೆ ಬೇರೊಬ್ಬನ ಜೊತೆ ಪ್ರೀತಿ ಇತ್ತು. ಆ ಹುಡುಗನ ಮೇಲಿನ ದೂರನ್ನೆಲ್ಲ ಡಿಮ್ಮರ್ ಹತ್ತಿರ ಹೇಳುತ್ತಿದ್ದೆ. ಫೋನ್ ಎತ್ತಲ್ಲ, ನಾಟಕ ನೋಡೋಕೆ ಬರ್ತೀನಿ ಅಂದು ಬರಲಿಲ್ಲ, ನಾಟಕ ಬಿಟ್ಟು ಟೀಚರ್ ಆಗು ಅಂತಾನೆ. ಡಿಮ್ಮರ್ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಆ ಹುಡುಗನ ಪರವಾಗಿ ಒಂದು ಮಾತು, ನನ್ನ ಪರವಾಗಿ ಒಂದು ಮಾತು ಅನ್ನುವ ನ್ಯಾಯವೆಲ್ಲ ಅವನ ಹತ್ತಿರ ಇರಲಿಲ್ಲ. ಪೂರ್ತಿ ನನ್ನ ಕಡೆ. ಇಂಥ ಒಬ್ಬರು ಎಲ್ಲರಿಗೂ ಬೇಕು, ಅಲ್ವಾ? ಆ ಪ್ರೀತಿ ಮುರಿಯಿತು. ಆಮೇಲೆ ಇನ್ನೊಂದು ಬಂದು ಹೋಯಿತು. ಕೇಳುವವನು ಮಾತ್ರ ಬದಲಾಗಲಿಲ್ಲ.

2018ರಲ್ಲಿ ಧಾರಾವಾಹಿಗೆ ಆಯ್ಕೆಯಾದೆ. ಆಡಿಷನ್, ಲುಕ್ ಟೆಸ್ಟ್, ಒಪ್ಪಂದಕ್ಕೆ ಸಹಿ. ಡಿಮ್ಮರ್ ಅಷ್ಟರಲ್ಲಿ ಬೆಂಗಳೂರಿಗೆ ಬಂದು ಬೇರೆ ಬೇರೆ ತಂಡಗಳಿಗೆ ಲೈಟು ಮಾಡುತ್ತಿದ್ದ. ಸುದ್ದಿ ಹೇಳಿದಾಗ ಅವನು ಖುಷಿಪಟ್ಟ. ರಂಗಭೂಮಿಯ ಬೇರೆ ಗೆಳೆಯರು ‘ಓ, ಸೀರಿಯಲ್ಲಾ’ ಅಂದ ದನಿಯಲ್ಲಿ ಅವನು ಅನ್ನಲಿಲ್ಲ. ‘ಬಾಡಿಗೆ ಕಟ್ಟಬಹುದು ಮಾರಾಯ್ತಿ, ಮೊದಲು ಒಪ್ಕೋ’ ಅಂದ.

ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ರಾಜರಾಜೇಶ್ವರಿ ನಗರದ ಆಚೆ ಒಂದು ದೊಡ್ಡ ಶೂಟಿಂಗ್ ಮನೆ. ಬೆಳಿಗ್ಗೆ ಏಳಕ್ಕೆ ಮೇಕಪ್ಪಿಗೆ ಕೂರಬೇಕು. ರಾತ್ರಿ ಒಂಬತ್ತೋ ಹತ್ತೋ ಪ್ಯಾಕಪ್. ಸೀನ್ ಪೇಪರ್ ಸೆಟ್ಟಿಗೆ ಬಂದ ಮೇಲೆ ಕೈಗೆ ಸಿಗುತ್ತದೆ. ಒಂದೇ ಮಾತಿಗೆ ಮೊದಲು ಎಲ್ಲರೂ ಕಾಣುವ ವೈಡ್ ಶಾಟ್, ಆಮೇಲೆ ಎದುರಿನವರ ಭುಜದ ಮೇಲಿಂದ ತೆಗೆಯುವ ಸಜೆಷನ್, ಆಮೇಲೆ ಮುಖದ ಕ್ಲೋಸ್. ಆಮೇಲೆ ಮನೆಯಲ್ಲಿರುವ ಎಲ್ಲರ ರಿಯಾಕ್ಷನ್. ಅತ್ತೆ ಒಂದು ಬಟ್ಟಲು ಬೀಳಿಸಿದರೆ ಹತ್ತು ಜನ ಬೆಚ್ಚಿಬೀಳಬೇಕು, ಒಬ್ಬೊಬ್ಬರಾಗಿ. ನಾಟಕದಲ್ಲಿ ಒಂದು ಪಾತ್ರಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡಿದವಳಿಗೆ ಇದು ಮೊದಲು ಕಷ್ಟವಾಯಿತು. ಆಮೇಲೆ ಹಿಡಿಸಿತು. ಇದೂ ಒಂದು ಕಸುಬು. ದಿನಾ ಅಷ್ಟು ಸೀನ್ ನಂಬುವ ಹಾಗೆ ಮಾಡುವುದು ಸುಲಭ ಅಲ್ಲ.

ಗುರುವಾರ ಬಂದರೆ ಸೆಟ್ಟಿನ ಗಾಳಿಯೇ ಬೇರೆ. ಟಿವಿ ಯಾರು ಎಷ್ಟು ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್‌ನವರ ವಾರದ ಟಿಆರ್‌ಪಿ ಬರುವುದು ಅವತ್ತು. ಅಂಕಿ ಚೆನ್ನಾಗಿದ್ದರೆ ಊಟಕ್ಕೆ ಹೋಳಿಗೆ. ಬಿದ್ದರೆ ಕಥೆ ಬದಲು. ನಮ್ಮ ಧಾರಾವಾಹಿಯ ಅಂಕಿ ಏರಿದ್ದು ನಾನು ಮತ್ತು ಹೀರೋ ಮಳೆಯಲ್ಲಿ ಸಿಕ್ಕಿಕೊಳ್ಳುವ ಒಂದು ವಾರದಲ್ಲಿ. ಅವತ್ತಿನಿಂದ ನಾವಿಬ್ಬರು ಜೋಡಿ. ಜನ ನಮ್ಮಿಬ್ಬರ ಹೆಸರು ಕತ್ತರಿಸಿ ಸೇರಿಸಿ ಒಂದು ಹೆಸರು ಮಾಡಿದರು. ಇನ್‌ಸ್ಟಾಗ್ರಾಮಿನಲ್ಲಿ ಆ ಹೆಸರಿನ ಪೇಜುಗಳು ಹುಟ್ಟಿದವು. ನಾವು ಒಬ್ಬರನ್ನೊಬ್ಬರು ನೋಡಿದ ಒಂದೇ ನೋಟವನ್ನು ನಿಧಾನ ಮಾಡಿ ಹಾಡು ಹಾಕುತ್ತಿದ್ದರು. ಆ ನೋಟದ ಹೊತ್ತಿಗೆ ನಾನು ಅವನು ನಿಲ್ಲಬೇಕಿದ್ದ ಕಡೆ ಗೋಡೆಗೆ ಅಂಟಿಸಿದ್ದ ಟೇಪನ್ನು ನೋಡುತ್ತಿದ್ದೆ. ಅವನು ಆಗ ಊಟಕ್ಕೆ ಹೋಗಿದ್ದ.

ಸಿನಿಮಾ ನಟಿಯನ್ನು ಜನ ದೂರದಿಂದ ನೋಡುತ್ತಾರೆ. ಧಾರಾವಾಹಿಯವಳು ದಿನಾ ಊಟದ ಹೊತ್ತಿಗೆ ಅವರ ಮನೆಗೇ ಬರುತ್ತಾಳೆ. ಹಾಗಾಗಿ ಮುಟ್ಟುತ್ತಾರೆ, ಗದರುತ್ತಾರೆ, ಕೈಗೆ ಬಳೆ ತೊಡಿಸುತ್ತಾರೆ. ಹುಬ್ಬಳ್ಳಿಯಲ್ಲಿ ಒಂದು ಸೀರೆ ಅಂಗಡಿ ಉದ್ಘಾಟನೆಗೆ ಹೋದಾಗ ಒಬ್ಬರು ಅಜ್ಜಿ ನನ್ನ ಗಲ್ಲ ಹಿಡಿದು, ‘ನಿಮ್ಮತ್ತಿ ಅಷ್ಟ ಕಾಡ್ತಾಳ, ನೀ ಯಾಕ ಸುಮ್ನ ಕುಂತೀಯವಾ?’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಅದು ನಾಟಕ ಅಂತ ಅವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಅಷ್ಟು ಹಚ್ಚಿಕೊಂಡಿದ್ದರು. ಆ ಪ್ರೀತಿಯನ್ನು ನಾನು ಇವತ್ತಿಗೂ ಹಗುರವಾಗಿ ಆಡಿಕೊಳ್ಳುವುದಿಲ್ಲ.

ಆದರೆ ಅದಕ್ಕೊಂದು ಕಷ್ಟವೂ ಇತ್ತು. ಹೊಸದಾಗಿ ಸಿಗುವವರೆಲ್ಲರಿಗೂ ನಾನು ಮೊದಲೇ ಗೊತ್ತು. ಎರಡನೇ ಮಾತಿಗೆ ಅವರು ಪಾತ್ರದ ಹೆಸರು ಹಿಡಿದು ಕರೆಯುತ್ತಿದ್ದರು. ಹಳೆಯ ಸ್ನೇಹಿತೆಯರೂ ಬದಲಾದರು. ಕಷ್ಟ ಹೇಳಿಕೊಂಡರೆ ‘ನಿನಗೇನಮ್ಮ, ಟಿವಿಯಲ್ಲಿ ಬರ್ತೀಯ’ ಅನ್ನುತ್ತಿದ್ದರು. ಹೇಳಿದ ಮಾತು ಇನ್ನೆಲ್ಲೋ ಕಾಣಿಸಿಕೊಳ್ಳುತ್ತಿತ್ತು. ನಾನು ಮಾತು ಕಡಿಮೆ ಮಾಡಿದೆ. ಮುಚ್ಚುಮರೆ ಇಲ್ಲದೆ ಗೊಣಗಲು ಉಳಿದವನು ಡಿಮ್ಮರ್ ಒಬ್ಬನೇ. ರಾತ್ರಿ ಪ್ಯಾಕಪ್ ಆದ ಮೇಲೆ ಕಾರಿನಲ್ಲಿ ಕೂತು ಅವನಿಗೆ ಫೋನ್ ಮಾಡುತ್ತಿದ್ದೆ. ಪೇಮೆಂಟ್ ಬಂದಿಲ್ಲ, ಕಾಲು ಊದಿದೆ, ಕಥೆಯಲ್ಲಿ ನನಗೆ ಮತ್ತೆ ವಿಷ ಹಾಕ್ತಿದಾರೆ. ಅವನು, ‘ಈ ಸಲ ಯಾರು, ಚಿಕ್ಕತ್ತೆನಾ?’ ಅನ್ನುತ್ತಿದ್ದ. ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ಅನ್ನುವುದು ನನಗೆ ಆಗ ದೊಡ್ಡ ವಿಷಯ ಅನಿಸಿರಲಿಲ್ಲ.

ಬಿಡುವಿದ್ದಾಗ ಅವನು ಲೈಟು ಮಾಡುವ ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುತ್ತಿದ್ದೆ. ಅಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ನಿಯಮ ನನಗೆ ಬಲು ಇಷ್ಟ. ಕತ್ತಲಾದ ಮೇಲೆ ಎಲ್ಲರೂ ವೇದಿಕೆ ನೋಡುತ್ತಾರೆ, ನನ್ನನ್ನಲ್ಲ. ಒಂದು ಸಂಜೆ ನಾಟಕ ಮುಗಿದ ಮೇಲೆ ಕೆಳಗೆ ಕ್ಯಾಂಟೀನಿನಲ್ಲಿ ಸಾಬುದಾನ ವಡೆ ತಿನ್ನುತ್ತಾ ನಗುತ್ತಿದ್ದೆವು. ಯಾರೋ ಫೋಟೋ ತೆಗೆದರು. ಮರುದಿನ ಅದು ಯೂಟ್ಯೂಬಿನಲ್ಲಿ. ಅವನ ಮುಖದ ಸುತ್ತ ಕೆಂಪು ಬಳೆ, ಪಕ್ಕದಲ್ಲಿ ಬಾಣದ ಗುರುತು, ‘ಯಾರು ಈ ಗಡ್ಡಧಾರಿ?’

ಅವನು ಮೊದಲು ನಕ್ಕ. ಗಡ್ಡ ಟ್ರಿಮ್ ಮಾಡಿಸಬೇಕಿತ್ತು ಅಂದ. ನನಗೆ ಚಾನೆಲ್ಲಿನಿಂದ ಫೋನ್ ಬಂತು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ‘ಮೇಡಂ, ನಿಮ್ಮ ಪರ್ಸನಲ್ ವಿಷಯ ನಮಗೆ ಬೇಡ. ಆದ್ರೆ ಟ್ರ್ಯಾಕ್ ಈಗಷ್ಟೇ ರೊಮ್ಯಾನ್ಸಿಗೆ ಬರ್ತಿದೆ. ಸ್ವಲ್ಪ ನೋಡ್ಕೊಳ್ಳಿ.’ ಒಪ್ಪಂದದಲ್ಲಿ ಇಂಥದ್ದೇನೂ ಬರೆದಿರುವುದಿಲ್ಲ. ಬೇರೆ ಚಾನೆಲ್ಲಿನಲ್ಲಿ ಕೆಲಸ ಮಾಡಬಾರದು ಅಂತ ಇರುತ್ತದೆ, ಕೂದಲು ಕತ್ತರಿಸಬಾರದು ಅಂತ ಇರುತ್ತದೆ. ಯಾರ ಜೊತೆ ವಡೆ ತಿನ್ನಬೇಕು ಅಂತ ಇರುವುದಿಲ್ಲ. ಇರದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ.

ಆಮೇಲೆ ಡಿಮ್ಮರ್ ನಿಧಾನವಾಗಿ ಹಿಂದೆ ಸರಿದ. ಜಗಳ ಆಡಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ನಾಟಕಕ್ಕೆ ಕರೆಯುವುದನ್ನು ಬಿಟ್ಟ. ಫೋನ್ ಮಾಡಿದರೆ ಮಾತಾಡುತ್ತಿದ್ದ, ತಾನಾಗಿ ಮಾಡುತ್ತಿರಲಿಲ್ಲ. ನನ್ನ ಕೆಲಸಕ್ಕೆ ತೊಂದರೆ ಆಗಬಾರದು ಅಂತ. ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಹೇಳಿಕೊಳ್ಳೋಣ ಅಂದರೆ ಬೇರೆ ಯಾರೂ ಇರಲಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲ ನಿಂತಿತು. ನಮ್ಮ ಶೂಟಿಂಗ್ ಮೇ ಕೊನೆಯ ಹೊತ್ತಿಗೆ ಒಳಾಂಗಣದಲ್ಲಿ, ಕಡಿಮೆ ಜನರನ್ನು ಇಟ್ಟುಕೊಂಡು ಮತ್ತೆ ಶುರುವಾಯಿತು. ನಾಟಕಗಳಿಗೆ ಆ ಅದೃಷ್ಟ ಇರಲಿಲ್ಲ. ಜನ ಸೇರದೆ ನಾಟಕ ಎಲ್ಲಿಂದ? ಲೈಟಿನವರು, ಸೆಟ್ಟಿನವರು, ಮೇಳದವರು, ಎಲ್ಲರ ಕೈ ಖಾಲಿ. ಡಿಮ್ಮರ್ ಊರಿಗೆ ಹೋದ. ಒಂದು ದಿನ ಅವನೇ ಫೋನ್ ಮಾಡಿದ. ಬಹಳ ದಿನದ ಮೇಲೆ. ‘ಹತ್ತು ಸಾವಿರ ಬೇಕಿತ್ತು ಮಾರಾಯ್ತಿ. ಅಪ್ಪನ ಮಾತ್ರೆಗೆ. ಯಾವಾಗ ವಾಪಸ್ ಕೊಡ್ತೀನಿ ಗೊತ್ತಿಲ್ಲ.’

ನನ್ನ ಹತ್ತಿರ ಆಗ ದುಡ್ಡು ಕೇಳಿದವರು ಬಹಳ ಜನ ಇದ್ದರು. ಎಲ್ಲರೂ ಮೊದಲು ನನ್ನ ನಟನೆ ಹೊಗಳುತ್ತಿದ್ದರು, ಮನೆಯವರನ್ನು ವಿಚಾರಿಸುತ್ತಿದ್ದರು, ಆಮೇಲೆ ಸುತ್ತಿ ಬಳಸಿ ವಿಷಯಕ್ಕೆ ಬರುತ್ತಿದ್ದರು. ಇನ್ನು ಕೆಲವರು ಕೇಳುವುದಕ್ಕೇ ಸಂಕೋಚಪಟ್ಟು ನನ್ನಿಂದ ದೂರವಾದರು. ಇವನು ನೇರ ಕೇಳಿದ. ನಾನು ಕೊಟ್ಟೆ. ಇಬ್ಬರ ನಡುವೆ ಅದು ಹತ್ತು ನಿಮಿಷವೂ ವಿಷಯವಾಗಿ ಉಳಿಯಲಿಲ್ಲ. ನಾನು ತಿಂಗಳಿಗೆ ಸಂಪಾದಿಸುವುದು ಅವನ ವರ್ಷದ ಸಂಪಾದನೆಗಿಂತ ಜಾಸ್ತಿ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಅವನು ದೊಡ್ಡದು ಮಾಡಲಿಲ್ಲ. ಮುಂದೆ ಮದುವೆಯ ಮಾತು ಬಂದಾಗ ಎಲ್ಲರೂ ಇದನ್ನೇ ಕೇಳಿದರು, ‘ಅವನಿಗೆ ಈಗೋ ಪ್ರಾಬ್ಲಂ ಬರಲ್ವಾ?’ ಬರಬೇಕಿದ್ದರೆ ಅವತ್ತು ಬರುತ್ತಿತ್ತು.

ಈಗ 2021. ಎರಡನೇ ಅಲೆ. ಕರ್ನಾಟಕದಲ್ಲಿ ಶೂಟಿಂಗ್ ನಿಂತಾಗ ಎಷ್ಟೋ ಕನ್ನಡ ಧಾರಾವಾಹಿಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು. ನಮ್ಮದೂ ಹೋಯಿತು. ಕಥೆಯ ಮನೆ ಬೆಂಗಳೂರಿನಲ್ಲಿ ಉಳಿಯಿತು. ಹಾಗಾಗಿ ಇಡೀ ಕುಟುಂಬ ಏನೋ ನೆಪ ಹೇಳಿ ಬೇರೆ ಮನೆಗೆ ಬಂದ ಹಾಗೆ ಬರೆದರು. ಒಳಗೆ ಹೋದವರು ಹೊರಗೆ ಬರುವ ಹಾಗಿಲ್ಲ. ಹೋಟೆಲ್ ರೂಮು, ಸೆಟ್ಟು, ಹೋಟೆಲ್ ರೂಮು. ಅಲ್ಲಿ ಯಾವ ದೇಶದ ರಸ್ತೆ ಬೇಕಾದರೂ ಇದೆ, ಅರಮನೆ ಇದೆ, ರೈಲ್ವೆ ಸ್ಟೇಷನ್ ಇದೆ, ಹಿಂದೆ ಹೋಗಿ ನೋಡಿದರೆ ಪ್ಲೈವುಡ್ಡು. ಊರಿನಿಂದ ಬರುವ ಸುದ್ದಿಯೆಲ್ಲ ಆಕ್ಸಿಜನ್ನು, ಬೆಡ್ಡು. ನಾನು ರೇಷ್ಮೆ ಸೀರೆ ಉಟ್ಟು ಹೀರೋ ಜೊತೆ ಸೀಮಂತದ ಸೀನ್ ಮಾಡುತ್ತಿದ್ದೆ. ರಾತ್ರಿ ಡಿಮ್ಮರ್ ಜೊತೆ ಮತ್ತೆ ಮಾತು ಶುರುವಾಯಿತು. ಅವನ ಊರಿನಲ್ಲಿ ಮನೆಯೊಳಗೆ ಸಿಗ್ನಲ್ ಇಲ್ಲ. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಅರ್ಧಕ್ಕೆ ಹತ್ತಿ ನಿಂತು ಮಾತಾಡುತ್ತಿದ್ದ.

ಒಂದು ರಾತ್ರಿ ಹೇಳಿದ, ‘ಮನೆಯಲ್ಲಿ ಹುಡುಗಿ ನೋಡ್ತಿದಾರೆ. ಮಂಗಳೂರು ಕಡೆಯವಳು. ನರ್ಸು. ಫೋನಲ್ಲಿ ಮಾತಾಡಿದೆ, ಒಳ್ಳೆಯವಳು. ಏನು ಮಾಡ್ಲಿ?’

ನಾನು ಬಹಳ ಒಳ್ಳೆಯ ಸಲಹೆ ಕೊಟ್ಟೆ. ನಿನ್ನ ಕೆಲಸಕ್ಕೆ ನಿಶ್ಚಿತ ಸಂಬಳ ಇಲ್ಲ, ಆಕೆಗೆ ಇದೆ, ಅದು ಒಳ್ಳೆಯದು. ನಾಟಕದ ತಿರುಗಾಟಕ್ಕೆ ಅಡ್ಡಿ ಮಾಡ್ತಾಳಾ ಅಂತ ಮೊದಲೇ ಕೇಳು. ಅಪ್ಪ ಅಮ್ಮನಿಗೂ ಜೊತೆ ಆಗುತ್ತೆ. ಒಪ್ಪಿಕೋ. ಒಂದು ಕಡೆಯೂ ತಡವರಿಸಲಿಲ್ಲ. ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಹಾಸಿಗೆಯ ಮೇಲೆ ಕೂತು ಯೋಚನೆ ಮಾಡಿದೆ. ಇವನಿಗೆ ಮದುವೆಯಾದರೆ ರಾತ್ರಿ ಹತ್ತಕ್ಕೆ ಗುಡ್ಡ ಹತ್ತಿ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಬಾರದು ಕೂಡ. ಅಷ್ಟು ಸರಳವಾಗಿ ಗೊತ್ತಾಯಿತು. ಎದೆ ಹೊಡೆದುಕೊಳ್ಳಲಿಲ್ಲ, ಕಣ್ಣ ಮುಂದೆ ಏನೂ ಮೂಡಲಿಲ್ಲ. ಮರುದಿನ ಸೆಟ್ಟಿನಲ್ಲಿ ಗ್ಲಿಸರಿನ್ ಇಲ್ಲದೆ ಅತ್ತುಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಅವತ್ತು ಇದ್ದದ್ದು ಕಾಮಿಡಿ ಸೀನ್.

ಗೊತ್ತಾದ ಮೇಲೂ ತಿಂಗಳುಗಟ್ಟಲೆ ಹೇಳಲಿಲ್ಲ. ಜನ ಏನಂದುಕೊಳ್ಳುತ್ತಾರೆ, ಅಭಿಮಾನಿಗಳು ಬೈಯುತ್ತಾರೆ, ಜಾತಿ ಧರ್ಮದ ಗಲಾಟೆ ಆಗುತ್ತದೆ, ಇವೆಲ್ಲ ಇತ್ತು. ನಿಜವಾದ ಭಯ ಬೇರೆ. ಅವನು ಇಲ್ಲ ಅಂದರೆ ಗೆಳೆಯ ಹೋಗುತ್ತಾನೆ. ಹೂಂ ಅಂದರೂ ಗೆಳೆಯ ಹೋಗುತ್ತಾನೆ. ಇಷ್ಟು ವರ್ಷ ನನ್ನ ಪ್ರೀತಿಯ ಕಷ್ಟಗಳನ್ನೆಲ್ಲ ಅವನ ಹತ್ತಿರ ಹೇಳಿಕೊಂಡಿದ್ದೆ. ಈಗ ಪ್ರೀತಿಯೇ ಅವನಾದರೆ ಕಷ್ಟ ಯಾರ ಹತ್ತಿರ ಹೇಳಲಿ? ಹೆಸರು ಬಂದ ಮೇಲೆ ನನಗೆ ಅಂತ ಉಳಿದಿದ್ದು ಅದೊಂದೇ ಜಾಗ. ಅದನ್ನೂ ಬಾಡಿಗೆಗೆ ಕೊಟ್ಟ ಹಾಗಾಗುತ್ತದೆ ಅನಿಸುತ್ತಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಅನುಕೂಲ ಆಗಿತ್ತು. ಮಾಸ್ಕ್. ಬೇರೆಯವರಿಗೆ ಅದು ಕಿರಿಕಿರಿ, ನನಗೆ ಅದು ಬಿಡುಗಡೆ. ಮಾಸ್ಕ್ ಹಾಕಿ, ಕೂದಲು ಎತ್ತಿ ಕಟ್ಟಿದರೆ ಗಾಂಧಿ ಬಜಾರಿನಲ್ಲಿ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಡಿಮ್ಮರ್ ಕೂಡ ಮತ್ತೆ ಸಿಗತೊಡಗಿದ. ಅವನ ಗಡ್ಡವೂ ಮಾಸ್ಕಿನ ಒಳಗೆ. ಸೊಪ್ಪು ಕೊಂಡೆವು, ಹೂವಿನ ಅಂಗಡಿಗಳ ಮುಂದೆ ಸುಮ್ನೆ ನಡೆದೆವು, ಲಾಲ್‌ಬಾಗಿನ ಬಂಡೆ ಹತ್ತಿದೆವು. ತಿನ್ನುವುದು ಮಾತ್ರ ಕಷ್ಟ. ಮಾಸ್ಕ್ ತೆಗೆಯಬೇಕಲ್ಲ. ಬೋಂಡ ಕಟ್ಟಿಸಿಕೊಂಡು ಆಟೋ ಹತ್ತಿ ಅದರೊಳಗೆ ತಿನ್ನುತ್ತಿದ್ದೆವು. ಒಂದು ಸಲ ‘ಅಣ್ಣಾ, ಎಡಕ್ಕೆ ತಗೊಳ್ಳಿ’ ಅಂದೆ. ಆಟೋದವರು ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದರು. ‘ಮೇಡಂ, ನಿಮ್ಮ ವಾಯ್ಸ್... ನಮ್ಮನೆಯವಳು ದಿನಾ ನೋಡ್ತಾಳೆ.’ ಮುಖ ಮುಚ್ಚಬಹುದು, ದನಿಗೆ ಎಲ್ಲಿಂದ ಮಾಸ್ಕ್ ತರುವುದು? ಅವರು ಬಹಳ ಒಳ್ಳೆಯವರು. ಪಕ್ಕದಲ್ಲಿದ್ದವನು ಯಾರು ಅಂತ ಕೇಳಲಿಲ್ಲ. ಹೆಂಡತಿಗೆ ಫೋನ್ ಮಾಡಿ ಕೊಟ್ಟರು, ಎರಡು ಮಾತಾಡಿದೆ, ಅಷ್ಟೆ.

ಅಲ್ಲೇ ಬಸವನಗುಡಿಯಲ್ಲಿ ಒಂದು ಸಂಜೆ ನಡೆಯುತ್ತಾ ಕೇಳಿದೆ, ‘ಆ ನರ್ಸ್ ಹುಡುಗಿ ವಿಷಯ ಏನಾಯ್ತು?’

‘ಬೇಡ ಅಂದೆ. ಆವಾಗ್ಲೇ.’

‘ಯಾಕೆ?’

‘ನಿನ್ನ ಸಲಹೆ ಕೇಳಿದ ಮೇಲೆ.’

‘ನಾನು ಒಪ್ಪಿಕೋ ಅಂದಿದ್ದೆ ಕಣೋ.’

‘ಹೌದು. ಎಷ್ಟು ಚೆನ್ನಾಗಿ ಹೇಳಿದೆ. ನೀನು ಮನಸ್ಸಿಂದ ಮಾತಾಡಿದ್ರೆ ಅರ್ಧಕ್ಕೆ ನಿಲ್ಲಿಸ್ತೀಯ, ಬೈತೀಯ, ಬೇರೆ ಏನೋ ಶುರು ಮಾಡ್ತೀಯ. ಅವತ್ತು ಒಂದು ತಡವರಿಕೆ ಇಲ್ಲ. ಪಕ್ಕಾ ಡೈಲಾಗು.’

ನಾನು ಏನೂ ಅನ್ನಲಿಲ್ಲ. ಅವನು ಮುಂದುವರಿಸಿದ. 2018ರಿಂದ ಅಂತ. ಮೊದಲ ಪ್ರೋಮೋ ಬಂದ ದಿನ ತನ್ನ ರೂಮಿನಲ್ಲಿ ಅದನ್ನು ನೋಡಿದಾಗ, ಇನ್ನು ಇವಳು ಎಲ್ಲರವಳು ಆಗ್ತಾಳೆ ಅನಿಸಿತಂತೆ. ಆಗ ಗೊತ್ತಾಯಿತಂತೆ. ಆದರೆ ಹೆಸರು ಬಂದ ಮೇಲೆ ಹೇಳಿದರೆ ಹೆಸರಿಗಾಗಿ ಹೇಳಿದ ಹಾಗಾಗುತ್ತದೆ ಅಂತ ಬಾಯಿ ಬಿಡಲಿಲ್ಲವಂತೆ. ‘ಮತ್ತೆ ಈಗ?’ ಅಂದೆ. ‘ಈಗ ನೀನೇ ಕೇಳಿದ್ಯಲ್ಲ’ ಅಂದ. ಇಷ್ಟೇ ನಡೆದದ್ದು. ಇಬ್ಬರೂ ಮಾಸ್ಕ್ ಹಾಕಿದ್ದೆವು, ಮುಖದಲ್ಲಿ ಏನು ನಡೆಯುತ್ತಿತ್ತು ಅಂತ ಇಬ್ಬರಿಗೂ ಕಾಣಲಿಲ್ಲ.

ಆಮೇಲಿನ ಕೆಲವು ವಾರ ಹಿಂಸೆ. ಇದನ್ನು ಯಾರೂ ಹೇಳುವುದಿಲ್ಲ. ಇಬ್ಬರೂ ಏಕಾಏಕಿ ಸಭ್ಯಸ್ಥರಾದೆವು. ‘ಊಟ ಆಯ್ತಾ?’ ‘ಆಯ್ತು, ನಿಂದು?’ ನನ್ನ ನಟನೆಯನ್ನು ಬೈಯುವುದನ್ನು ನಿಲ್ಲಿಸಿದ. ಮೊದಲಾದರೆ, ‘ಇವತ್ತು ಅಳುವಾಗ ಲೈಟ್ ಹುಡುಕಿಕೊಂಡು ಮುಖ ತಿರುಗಿಸಿದೆ, ಗೊತ್ತಾಯ್ತು’ ಅನ್ನುತ್ತಿದ್ದ. ಈಗ ಎಲ್ಲವೂ ‘ಚೆನ್ನಾಗಿತ್ತು’. ನಾನೂ ಅಷ್ಟೆ, ಗೊಣಗುವ ಮೊದಲು ಯೋಚಿಸುತ್ತಿದ್ದೆ. ಒಂದು ರಾತ್ರಿ ಅವನಿಗೆ ಫೋನ್ ಮಾಡಿ, ನನಗೆ ಡಿಮ್ಮರ್ ಬೇಕು, ನೀನು ಯಾರೋ ಗೊತ್ತಿಲ್ಲ ಅಂತ ಜಗಳ ತೆಗೆದೆ. ಬಹಳ ಹೊತ್ತು ಜಗಳವಾಡಿದೆವು. ಆಮೇಲೆ ಸ್ವಲ್ಪ ಸರಿಹೋಯಿತು.

ಹೀರೋ ಬಗ್ಗೆ ಹೇಳಲೇಬೇಕು. ನನ್ನ ಜೋಡಿ ಅಂತ ನಾಡೆಲ್ಲ ನಂಬಿದ್ದ ಆ ಹುಡುಗನಿಗೂ ಒಬ್ಬಳು ಹುಡುಗಿ ಇದ್ದಳು. ಅವನೂ ಅಡಗಿಸಿ ಇಟ್ಟಿದ್ದ. ಒಂದು ದಿನ ಶಾಟಿನ ನಡುವೆ ಇಬ್ಬರ ಫೋನೂ ಒಟ್ಟಿಗೆ ಹೊಡೆದುಕೊಂಡು, ಇಬ್ಬರೂ ಒಟ್ಟಿಗೆ ಗಾಬರಿಯಾಗಿ, ಒಟ್ಟಿಗೆ ಗೊತ್ತಾಯಿತು. ಆಮೇಲೆ ನಾವು ಒಬ್ಬರಿಗೊಬ್ಬರು ಕಾವಲು. ಅಭಿಮಾನಿ ಪೇಜುಗಳಲ್ಲಿ ‘ಇವರಿಬ್ಬರ ನಡುವೆ ಏನೋ ಇದೆ’ ಅಂತ ಬರೆಯುತ್ತಿದ್ದರು. ಇತ್ತು, ನಿಜ. ಭಾರೀ ಗುಟ್ಟಿನ ಒಪ್ಪಂದ.

ಡಿಮ್ಮರನ ಮನೆಗೆ ಮೊದಲ ಸಲ ಹೋದಾಗ ಅವರಮ್ಮ ಬಾಗಿಲಲ್ಲೇ ನಿಂತು ನನ್ನನ್ನು ಪಾತ್ರದ ಹೆಸರು ಹಿಡಿದು ಕರೆದರು. ಅವರು ಒಂದು ಸಂಚಿಕೆಯೂ ಬಿಟ್ಟಿರಲಿಲ್ಲ. ಮೀನು ಸಾರು ಬಡಿಸಿದರು. ಮಗ ಹೊರಗೆ ಹೋದಾಗ ದನಿ ತಗ್ಗಿಸಿ ಕೇಳಿದರು, ‘ಅಲ್ಲ ಮಗಾ, ಆ ಹುಡುಗ ಎಷ್ಟು ಚೆಂದ ಇದಾನೆ, ನಿನ್ನನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ. ಅವನನ್ನೇ ಮಾಡ್ಕೊಳ್ಳಬಹುದಿತ್ತಲ್ಲ?’ ನನ್ನ ಅತ್ತೆಯಾಗುವವರು ತಮ್ಮ ಮಗನ ಎದುರು ಧಾರಾವಾಹಿಯ ಹೀರೋ ಪರ ನಿಂತಿದ್ದರು. ನಾನು ನಗು ತಡೆದುಕೊಂಡು ಮೀನಿನ ಮುಳ್ಳು ಬಿಡಿಸಿದೆ.

ನಮ್ಮ ಮನೆಯಲ್ಲಿ ಇಷ್ಟು ತಮಾಷೆ ಇರಲಿಲ್ಲ. ಅಪ್ಪ ಮೊದಲು ಕೇಳಿದ್ದು ಸಂಬಳ. ಆಮೇಲೆ ಧರ್ಮ. ಆಮೇಲೆ ಮಾತು ಬಿಟ್ಟರು. ಅಮ್ಮ ಫೋನಿನಲ್ಲಿ ಅಳುತ್ತಿದ್ದರು. ಊರಿನಲ್ಲಿ ನಾನು ಎಲ್ಲರ ಮನೆಯ ಮಗಳಾಗಿದ್ದೆ, ಜಾತ್ರೆಗೆ ನನ್ನ ಕಟೌಟ್ ಹಾಕಿದ್ದರು. ಅದೇ ಅವರಿಗೆ ಕಷ್ಟವಾಯಿತು. ಸಾಮಾನ್ಯ ಹುಡುಗಿಯಾಗಿದ್ದರೆ ನಾಲ್ಕು ಮನೆಗೆ ಉತ್ತರ ಹೇಳಬೇಕಿತ್ತು, ಈಗ ಇಡೀ ತಾಲ್ಲೂಕಿಗೆ. ಅಪ್ಪ ಈಗ ಮಾತಾಡುತ್ತಾರೆ. ಡಿಮ್ಮರ್ ತೋಟದ ಮೋಟಾರಿನ ಸ್ಟಾರ್ಟರ್ ರಿಪೇರಿ ಮಾಡಿದ ಮೇಲೆ ಅವನ ಜೊತೆಗೂ ಮಾತಾಡುತ್ತಾರೆ, ಮೋಟಾರಿನ ಬಗ್ಗೆ ಮಾತ್ರ.

2023ರಲ್ಲಿ ಮದುವೆಗೆ ಅರ್ಜಿ ಹಾಕಿದೆವು. ಇಬ್ಬರದೂ ಬೇರೆ ಧರ್ಮ, ಯಾರೂ ಮತಾಂತರ ಆಗುವುದಿಲ್ಲ ಅಂತ ಮೊದಲೇ ನಿರ್ಧಾರವಾಗಿತ್ತು. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯ ವಾಸಿಯಾಗಿ 30 ದಿನ ಆಗಿರಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳುವುದಕ್ಕೆ 30 ದಿನ. ಅದು ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. 2021ರಲ್ಲಿ ಅಲಹಾಬಾದ್ ಹೈಕೋರ್ಟ್, ನೋಟಿಸ್ ಅಂಟಿಸಬೇಕೋ ಬೇಡವೋ ಅನ್ನುವುದನ್ನು ಮದುವೆಯಾಗುವವರೇ ಹೇಳಬಹುದು ಅಂದಿತ್ತು. ವಕೀಲೆ ಸ್ನೇಹಿತೆ ಅದನ್ನು ತೋರಿಸಿ, ‘ಅದು ಅಲ್ಲಿಗೆ. ಇಲ್ಲಿ ಅಂಟಿಸ್ತಾರೆ’ ಅಂದಳು. ಅಂಟಿಸಿದರು. ಇಬ್ಬರ ಹೆಸರು, ವಿಳಾಸ, ಎಲ್ಲ. ಮನೆಯವರಿಗೆ ಹೆದರಿ ಓಡಿಬಂದ ಹುಡುಗ ಹುಡುಗಿಗೆ ಈ ಹಲಗೆ ಎಂಥ ಅಪಾಯ ಅಂತ ಯೋಚಿಸಿ. ನಮಗೆ ಜೀವಭಯ ಇರಲಿಲ್ಲ, ಮೊಬೈಲ್ ಕ್ಯಾಮೆರಾ ಭಯ ಇತ್ತು.

ವಾರ ಕಳೆಯುವುದರೊಳಗೆ ಆ ನೋಟಿಸಿನ ಫೋಟೋ ವಾಟ್ಸಾಪಿನಲ್ಲಿ ಬಂತು. ಯಾರು ತೆಗೆದರೋ. ಸಂಜೆ ಹೊತ್ತಿಗೆ ಎಲ್ಲ ಕಡೆ. ಬೈದವರಲ್ಲಿ ಎರಡು ಗುಂಪು. ಜೋಡಿ ಅಭಿಮಾನಿಗಳು ‘ನಮ್ಮ ಹೃದಯ ಒಡೆದೆ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಐದು ವರ್ಷ ನಾನೇ ಅವರನ್ನು ನಂಬಿಸಿದ್ದೆ. ಇನ್ನೊಂದು ಗುಂಪಿಗೆ ಧಾರಾವಾಹಿ ಬೇಕಿರಲಿಲ್ಲ, ಧರ್ಮ ಸಾಕಿತ್ತು. ಅವರು ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಡಿಮ್ಮರ್ ತನ್ನ ಫೋನನ್ನು ಸ್ವಿಚ್ ಆಫ್ ಮಾಡಿ ಲೈಟ್ ಪ್ಲಾನ್ ಬರೆಯುತ್ತಾ ಕೂತ. ನಾನು ಒಂದೊಂದೇ ಕಾಮೆಂಟ್ ಓದುತ್ತಾ ಕೂತೆ. ಮೇಕಪ್ ಅಕ್ಕ ಬಂದು ಫೋನ್ ಕಿತ್ತುಕೊಂಡರು.

ಮರುದಿನ ಹೀರೋ ತನ್ನ ಪೇಜಿನಲ್ಲಿ ನಮ್ಮ ಮೂವರ ಫೋಟೋ ಹಾಕಿ ಶುಭಾಶಯ ಬರೆದ. ಯಾರೂ ಅವನಿಗೆ ಹಾಗೆ ಮಾಡು ಅಂದಿರಲಿಲ್ಲ. ಬಿಸಿ ಅರ್ಧ ಇಳಿಯಿತು. ಚಾನೆಲ್ಲಿನಿಂದ ಏನೂ ಸುದ್ದಿ ಇಲ್ಲ. ಸೆಟ್ಟಿನಲ್ಲಿ ಎಲ್ಲರೂ ಗುರುವಾರಕ್ಕೆ ಕಾಯುತ್ತಿದ್ದರು. ಅಂಕಿ ಬಿದ್ದರೆ ನನ್ನ ಪಾತ್ರಕ್ಕೆ ಅಪಘಾತವೋ ವಿದೇಶ ಪ್ರವಾಸವೋ ಖಂಡಿತ ಅಂತ ನಾನು ಲೆಕ್ಕ ಹಾಕಿದ್ದೆ. ಗುರುವಾರ ಬಂತು. ಅಂಕಿ ಹಿಂದಿನ ವಾರಕ್ಕಿಂತ ಏರಿತ್ತು. ಹನ್ನೊಂದು ಗಂಟೆಗೆ ಚಾನೆಲ್ಲಿನವರ ಫೋನ್, ‘ಕಂಗ್ರಾಟ್ಸ್ ಮೇಡಂ! ಮದುವೆ ವಿಡಿಯೋ ನಮಗೇ ಕೊಡ್ತೀರಲ್ವಾ?’

ಕೊಡಲಿಲ್ಲ. ವಿಡಿಯೋ ಮಾಡಲೂ ಇಲ್ಲ. ಧಾರಾವಾಹಿಯಲ್ಲಿ ನನ್ನ ಮದುವೆಗೆ ಒಂದು ವಾರ ಶೂಟಿಂಗ್ ಆಗಿತ್ತು, ಡ್ರೋನ್ ಬಂದಿತ್ತು. ಕಚೇರಿಯಲ್ಲಿ ಸಹಿ ಹಾಕುವ ಕೆಲಸ ಬೇಗ ಮುಗಿಯಿತು. ಕಾಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಅಲ್ಲಿನ ಗುಮಾಸ್ತರೊಬ್ಬರು ಸೆಲ್ಫಿ ತೆಗೆಸಿಕೊಂಡರು, ನನ್ನ ಜೊತೆ. ಡಿಮ್ಮರನ ಕೈಗೆ ಫೋನ್ ಕೊಟ್ಟು, ‘ಸಾರ್, ನೀವೇ ಸ್ವಲ್ಪ ತೆಗೀರಿ’ ಅಂದರು. ಅವನು ಅವರನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿ, ಬೆಳಕು ಸರಿ ಮಾಡಿ ತೆಗೆದುಕೊಟ್ಟ.

ಆ ಧಾರಾವಾಹಿ ಮುಗಿಯಿತು. ಈಗ ನಾನು ನಾಟಕ ಮಾಡುತ್ತೇನೆ, ಸಣ್ಣ ಪುಟ್ಟ ಸಿನಿಮಾ ಪಾತ್ರ ಮಾಡುತ್ತೇನೆ. ಹಳೆಯ ಸಂಚಿಕೆಗಳು ಯೂಟ್ಯೂಬಿನಲ್ಲಿ ಓಡುತ್ತಿರುವುದರಿಂದ ಮಾರ್ಕೆಟ್ಟಿನಲ್ಲಿ ಈಗಲೂ ಗುರುತಿಸುತ್ತಾರೆ. ‘ಅವರು ಎಲ್ಲಿ?’ ಅಂತ ಹೀರೋ ಬಗ್ಗೆ ಕೇಳುತ್ತಾರೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದವನು, ‘ಅವರಿಗೆ ಶೂಟಿಂಗ್ ಇದೆ’ ಅನ್ನುತ್ತಾನೆ.

ನಾನು ಹೆದರಿದ್ದ ವಿಷಯ ಮಾತ್ರ ನಿಜವಾಯಿತು. ಗಂಡನ ಮೇಲೆ ದೂರು ಹೇಳಲು ನನಗೆ ಯಾರೂ ಇಲ್ಲ. ಮೇಕಪ್ ಅಕ್ಕನಿಗೆ ಹೇಳಿದರೆ ಅವರು ಅವನ ಪರ. ಅವರಮ್ಮನಿಗೆ ಹೇಳಿದರೆ, ‘ನಾನು ಆವಾಗ್ಲೇ ಹೇಳಿದ್ದೆ, ಆ ಹುಡುಗನ್ನ ಮಾಡ್ಕೋ ಅಂತ’ ಅನ್ನುತ್ತಾರೆ. ಹೀಗಾಗಿ ಈಗ ಅವನಿಗೇ ಹೇಳುತ್ತೇನೆ, ಬೇರೆ ಯಾರದೋ ವಿಷಯ ಅನ್ನುವ ಹಾಗೆ. ‘ನನ್ನ ಗಂಡ ಇದಾನಲ್ಲ, ರಾತ್ರಿ ಎರಡಕ್ಕೆ ಶೋ ಮುಗಿಸಿ ಬಂದು ಕೇಬಲನ್ನೆಲ್ಲ ಹಾಲಿನಲ್ಲೇ ಬಿಡ್ತಾನೆ. ಒಂದು ಲೋಟ ತೊಳೆಯಲ್ಲ.’ ಅವನು ತಲೆಯಾಡಿಸುತ್ತಾ ಪೂರ್ತಿ ಕೇಳುತ್ತಾನೆ. ‘ಛೆ, ಎಂಥ ಜನ ಮಾರಾಯ್ತಿ. ಬಿಟ್ಟಾಕು ಅವನನ್ನ’ ಅನ್ನುತ್ತಾನೆ. ಆಮೇಲೆ ಎದ್ದು ಕೇಬಲ್ ಎತ್ತಿಡುತ್ತಾನೆ. ಲೋಟ ಅಲ್ಲೇ ಇರುತ್ತದೆ.